ಓಬಳಮ್ಮನ ಬಗ್ಗಿ

ನಮ್ಮೂರಿಗಿರುವುದು ಒಂದೇ ರಸ್ತೆ, ಅದೂ ಇದ್ದಲ್ಲಿ ಇರುವುದಿಲ್ಲ. ನಿನ್ನೆ ಕೆರೆ ಏರಿಯ ಪಕ್ಕ ಹಾದುಹೋಗಿದ್ದದ್ದು ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗರಡಿಮನೆಯ ಹಿಂದೆ ಬಿದ್ದುಕೊಂಡಿರುತ್ತದೆ. ಕೆಲವು ಸಲ ವಾರಗಟ್ಟಲೆ ಕದಲುವುದಿಲ್ಲ. ಕೆಲವು ಸಲ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹೊರಟುಹೋಗಿರುತ್ತದೆ. ಡಾಂಬರು ಹಾಕಿದರೆ ಡಾಂಬರಿನ ಸಮೇತ, ಮೈಲಿಗಲ್ಲು ನೆಟ್ಟರೆ ಮೈಲಿಗಲ್ಲಿನ ಸಮೇತ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ವಿಚಿತ್ರ ಅನ್ನಿಸಿತ್ತು, ಆಮೇಲೆ ಒಲೆಯ ಹೊಗೆಯ ಹಾಗೆ ಅದೂ ರೂಢಿಯಾಯಿತು. ಇಲ್ಲಿನ ಅಂಗಡಿಗಳಿಗೆಲ್ಲ ಚಕ್ರಗಳಿವೆ. ರಸ್ತೆ ಎಲ್ಲಿದೆಯೆಂದು ಗೊತ್ತಾದ ಕೂಡಲೇ ಬೋಂಡದವನು, ಬಳೆಯವನು, ಕಟಿಂಗ್ ಷಾಪಿನವನು ತಂತಮ್ಮ ಅಂಗಡಿಗಳನ್ನು ತಳ್ಳಿಕೊಂಡು ಅತ್ತ ಓಡುತ್ತಾರೆ. ನನ್ನ ಅತ್ತೆ ಓಬಳಮ್ಮ ಕೂಡ ಮಂಡಿ ಸೋಲುವ ತನಕ ಅಂಥದೇ ಒಂದು ಗಾಡಿ ಹೋಟೆಲು ನಡೆಸಿದವಳು. ಇಡ್ಲಿ ಪಾತ್ರೆ ಕುದಿಯುತ್ತಿರುವಾಗಲೇ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಳಂತೆ. ನಿಲ್ಲಿಸುವ ಹೊತ್ತಿಗೆ ಇಡ್ಲಿ ಬೆಂದಿರುತ್ತಿತ್ತಂತೆ.

ರಸ್ತೆ ಎಲ್ಲಿದೆ, ಯಾವ ಊರಿಗೆ ಹೋಗುತ್ತಿದೆ ಎಂದು ನೋಡಿ ಹೇಳುವುದು ನನ್ನ ಗಂಡ ಪಾಲಾಕ್ಷನ ಕೆಲಸ. ಸರ್ಕಾರದ ನೌಕರಿ, ಖಾಕಿ ಅಂಗಿ. ನಸುಕಿನಲ್ಲೇ ಎದ್ದು ರಸ್ತೆಯನ್ನು ಹುಡುಕಿ, ಅದರ ಮೇಲೆ ನಡೆದು, ಅದು ಮುಟ್ಟುವ ಊರನ್ನು ಕಂಡು ವಾಪಸ್ಸು ಬಂದು ಚಾವಡಿಯ ಮುಂದೆ ನಿಂತು ಕೂಗಬೇಕು. "ಇವತ್ತು ರಸ್ತೆ ಉಪ್ಪಿನಕಟ್ಟೆಗೆ!" ಎಂದು ಅವನು ಕೂಗಿದರೆ ಉಪ್ಪಿನಕಟ್ಟೆಯಲ್ಲಿ ನೆಂಟರಿರುವವರು ಬುತ್ತಿ ಕಟ್ಟುತ್ತಾರೆ. ಅವನ ಅಪ್ಪನೂ ಇದೇ ಕೆಲಸದಲ್ಲಿದ್ದವರು. ಒಂದು ದಿನ ಹಾಗೆ ರಸ್ತೆ ನೋಡಲು ಹೋದಾಗ ಅದು ಅವರ ಬೆನ್ನ ಹಿಂದೆ ತಿರುಗಿಕೊಂಡಿತು. ಎರಡು ದಿನದ ಮೇಲೆ ರಸ್ತೆ ವಾಪಸ್ಸು ಬಂತು, ಮಾವ ಬರಲಿಲ್ಲ. ಪಾಲಾಕ್ಷ ಆಗ ಚಡ್ಡಿ ಹಾಕುವ ವಯಸ್ಸಿನವನು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಊರೊಳಗೆ, ಹೊಲಕ್ಕೆ, ಕೆರೆಗೆ ಯಾರು ಹೇಗೆ ಬೇಕಾದರೂ ಓಡಾಡಬಹುದು. ಆದರೆ ಪರವೂರಿಗೆ ಹೋಗುವುದಾದರೆ ರಸ್ತೆಯ ಮೇಲೇ ಹೋಗಬೇಕು. ರಸ್ತೆ ಹೋಗದ ಊರಿಗೆ ಯಾರೂ ಹೋಗುವುದಿಲ್ಲ. ಕಾನೂನೇನೂ ಇಲ್ಲ, ಹೋದರೆ ಏನಾಗುತ್ತದೆಂದು ಕಂಡವರೂ ಇಲ್ಲ. ಹಿರಿಯರು ಹೋಗಲಿಲ್ಲ, ಹಾಗಾಗಿ ನಾವೂ ಹೋಗುವುದಿಲ್ಲ. ಇದರಿಂದ ಅನುಕೂಲವೂ ಉಂಟು. ಬೇಡದ ಮದುವೆ, ಬೇಡದ ತಿಥಿ, ಬೇಡದ ಬಾಣಂತನ ಎಲ್ಲಕ್ಕೂ "ರಸ್ತೆ ಇರಲಿಲ್ಲ" ಎಂದರೆ ಮುಗಿಯಿತು, ಮುಂದೆ ಯಾರೂ ಕೇಳುವುದಿಲ್ಲ.

ಅತ್ತೆಗೆ ಒಬ್ಬಳೇ ತಂಗಿ, ಕೆಂಚಮ್ಮ. ಕಲ್ಲುಗುಡ್ಡದಾಚೆ ಕಣಿವೆಹಟ್ಟಿಗೆ ಅವಳನ್ನು ಕೊಟ್ಟಿತ್ತು. ನಾಲ್ಕಾರು ಮನೆಗಳ ಹಟ್ಟಿ, ಅವರ ಸಂತೆ ಪೇಟೆಯೆಲ್ಲ ಗುಡ್ಡದ ಆ ಕಡೆಗೇ. ಕೆಂಚಮ್ಮನ ಗಂಡ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಅತ್ತೆ ಸೀರೆ ಬದಲಾಯಿಸಿ ಹೊರಗೆ ಬರುವಷ್ಟರಲ್ಲಿ ರಸ್ತೆ ತಿರುಗಿಬಿಟ್ಟಿತ್ತು. ನನ್ನ ಮಗಳು ಆಗ ತೊಟ್ಟಿಲಲ್ಲಿದ್ದಳು, ಈಗ ಅವಳಿಗೇ ಮದುವೆಯಾಗಿದೆ. ಅಷ್ಟು ವರ್ಷದಲ್ಲಿ ರಸ್ತೆ ಮತ್ತೆ ಕಣಿವೆಹಟ್ಟಿಯ ಕಡೆಗೆ ಹೋಯಿತೆಂಬ ಕೂಗು ಕೇಳಲಿಲ್ಲ. ಅತ್ತೆ ಮೊದಮೊದಲು ದಿನಾ ಬೆಳಿಗ್ಗೆ ಮಗನ ಮುಖ ನೋಡುತ್ತಿದ್ದಳು. ಅವನು ತಲೆ ಅಲ್ಲಾಡಿಸುತ್ತಿದ್ದ. ಆಮೇಲಾಮೇಲೆ ನೋಡುವುದನ್ನೂ ಬಿಟ್ಟಳು.

ಒಂದು ದಿನ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದೆ. "ವಿಶಾಲೂ, ಕೆಂಚಿ ಮುಖ ಮರೀತಾ ಐತೆ ಕಣೆ," ಅಂದಳು. "ಕಣ್ಣು ಮುಚ್ಕಂಡ್ರೆ ಮೂಗು ಬರ್ತೈತೆ, ನತ್ತು ಬರ್ತೈತೆ, ಉಳಿದಿದ್ದೆಲ್ಲ ಕಲಸಿ ಹೋಗೈತೆ." ನಾನು ಎಣ್ಣೆ ಇನ್ನಷ್ಟು ಹಾಕಿ ತಿಕ್ಕಿದೆ.

ಅದಾದ ಸ್ವಲ್ಪ ದಿನಕ್ಕೆ ರಸ್ತೆ ನಮ್ಮ ಮನೆಯ ಮುಂದೆಯೇ ಬಂದು ಮಲಗಿತು. ಪಂಪ್‌ಸೆಟ್ಟು, ಟಿಲ್ಲರು ಮಾರಿಸುವ ಏಜೆಂಟ್ ಜಬೀವುಲ್ಲಾ ಬೈಕು ನಿಲ್ಲಿಸಿ ನೀರು ಕೇಳಿದರು. ನೀರು ಕುಡಿದ ಋಣಕ್ಕೆ ಚೀಲ ಬಿಚ್ಚಿ ಬಣ್ಣದ ಕಾಗದಗಳನ್ನು ಹರಡಿದರು. ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದ ಅತ್ತೆಗೆ ಪಂಪ್‌ಸೆಟ್ಟು ಏನಕ್ಕೆ? ಆದರೆ ಅದರ ಹಿಂದಿನ ಪುಟದಲ್ಲೊಂದು ಚಿತ್ರವಿತ್ತು. ಚಾವಣಿಯಿಲ್ಲ, ಬಾಗಿಲಿಲ್ಲ, ಬರೀ ಕೊಳವೆಗಳ ಒಂದು ಗಾಡಿ, ಡೊಳ್ಳುಹೊಟ್ಟೆ ಚಕ್ರಗಳು, ಮರಳಗುಡ್ಡದ ನೆತ್ತಿಯಿಂದ ನೆಗೆಯುತ್ತಿತ್ತು.

"ಇದೇನು ಸಾಬ್ರೆ, ಈ ಗಾಡಿಗೆ ಮೂಳೆ ಐತೆ, ಚರ್ಮನೇ ಇಲ್ಲ?"

"ಅದು ಬಗ್ಗಿ ಅಂತ ಅಮ್ಮಾ, ಸಮುದ್ರದಾಚೆಯಿಂದ ಬರ್ತದೆ. ಮರಳು, ಕಲ್ಲು, ಹಳ್ಳ, ಯಾವುದಾದ್ರೂ ಸರಿ. ಇದಕ್ಕೆ ರಸ್ತೆ ಬೇಡ."

ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು. "ಇನ್ನೊಂದ್ಸಲ ಹೇಳಿ."

"ರಸ್ತೆ ಬೇಡ ಅಮ್ಮಾ."

"ಹಂಗಾರೆ ಒಂದು ಕಳ್ಸಿ."

ಜಬೀವುಲ್ಲಾ ನಕ್ಕರು. ಅತ್ತೆ ನಗಲಿಲ್ಲ. ಅವರೂ ನಿಧಾನಕ್ಕೆ ನಗು ನಿಲ್ಲಿಸಿ, ಕಾಗದಗಳನ್ನು ಮಡಚುತ್ತಾ ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ. ದುಡ್ಡಿನ ಮಾತು ಇಲ್ಲಿ ಬೇಡ. ಹೋಟೆಲು ಮಾರಿದ್ದು ಅವಳ ಹತ್ತಿರ ಇತ್ತು, ಅದು ಅವಳದ್ದು.

ಸಂಜೆ ವಿಷಯ ಗೊತ್ತಾದಾಗ ಪಾಲಾಕ್ಷ ಊಟದ ತಟ್ಟೆ ಪಕ್ಕಕ್ಕಿಟ್ಟ. "ಅವ್ವಾ, ನಾನು ರಸ್ತೆ ಕಾಯೋನು. ನನ್ನ ಮನೆಯೋರೇ ರಸ್ತೆ ಬಿಟ್ಟು ಹೋದ್ರೆ ಊರೋರು ಏನಂದಾರು? ನಾಳೆಯಿಂದ ನಾನು ಕೂಗೋದನ್ನ ಯಾರು ಕೇಳ್ತಾರೆ?"

"ನೀನು ಕೂಗು. ನಾನೇನು ನಿನ್ ಬಾಯಿ ಕಟ್ಟಿದೀನಾ?"

"ದಾರಿ ಇಲ್ಲದ ಕಡೆ ಹೋಗಿ ಏನಾದ್ರೂ ಆದ್ರೆ?"

"ದಾರಿ ಇದ್ದ ಕಡೆ ಹೋದೋರಿಗೆ ಏನೂ ಆಗ್ಲಿಲ್ವಾ?" ಅಂದಳು ಅತ್ತೆ. ಎತ್ತಬಾರದ ಮಾತಿನ ಅಂಚಿಗೆ ಅವಳು ಬಂದಿದ್ದು ನಾನು ಕಂಡದ್ದು ಅದೇ ಮೊದಲು. ಪಾಲಾಕ್ಷ ಎದ್ದು ಹೊರಗೆ ಹೋದ.

ಮಳೆಗಾಲ ಮುಗಿದ ಮೇಲೆ ಬಗ್ಗಿ ಬಂತು. ಬಂತು ಅಂದರೆ, ಗರಡಿಮನೆಯ ಹಿಂದೆ ಒಂದು ಲಾರಿ ನಿಂತು ಮರದ ಪೆಟ್ಟಿಗೆಗಳನ್ನು ಇಳಿಸಿತು. ಜಬೀವುಲ್ಲಾ ಅದರಲ್ಲೇ ಬಂದಿದ್ದರು. ನಾವು ಅಕ್ಕಪಕ್ಕದವರನ್ನು ಕರೆದು ಪೆಟ್ಟಿಗೆಗಳನ್ನು ಎತ್ತಿನಗಾಡಿಗೆ ಹೇರಿಸಿ ಹಿತ್ತಲಿಗೆ ತಂದೆವು. ಮೊದಲ ಪೆಟ್ಟಿಗೆ ಬಿಚ್ಚಿದಾಗ ಹುಲ್ಲಿನ ನಡುವೆ ಕೊಳವೆಗಳು, ಎರಡನೆಯದರಲ್ಲಿ ಸ್ಪ್ರಿಂಗುಗಳು, ಮೂರನೆಯದರಲ್ಲಿ ಬಟ್ಟೆ ಸುತ್ತಿದ ಎಂಜಿನ್ನು.

"ಏನು ಸಾಬ್ರೆ ಇದು? ಗಾಡಿ ಕೇಳಿದ್ರೆ ಗುಜರಿ ತಂದೀರಲ್ಲ?"

"ಹಿಂಗೇ ಬರೋದಮ್ಮಾ. ತಗೊಂಡೋರೇ ಜೋಡಿಸಿಕೋಬೇಕು. ಪುಸ್ತಕ ಐತೆ."

"ನೀವು ಎಷ್ಟು ಜೋಡ್ಸಿದೀರ?"

"ನಾನು ಮಾರೋನು ಅಮ್ಮಾ," ಅಂದರು ಜಬೀವುಲ್ಲಾ ಮೆಲ್ಲಗೆ. ಪೆಟ್ಟಿಗೆಗಳನ್ನು ಒಪ್ಪಿಸಿ ಮುಂದಿನ ಬಸ್ಸಿಗೆ ಹೋಗಿಬಿಡುವ ಯೋಚನೆ ಅವರದು. ಅತ್ತೆ ಉಪ್ಪಿಟ್ಟು ತಿಂದು ಹೋಗಿ ಎಂದು ಕೂರಿಸಿದಳು. ಉಪ್ಪಿಟ್ಟು ತಿನ್ನುತ್ತಿದ್ದಾಗ ಹೊರಗಿನಿಂದ ಯಾರೋ "ರಸ್ತೆ ಹೋತು!" ಎಂದು ಕೂಗಿದರು. ಜಬೀವುಲ್ಲಾ ಕೈತುತ್ತು ಹಾಗೇ ಹಿಡಿದು ಓಡಿದರು. ಗರಡಿಮನೆಯ ಹಿಂದೆ ಬರೀ ಮಣ್ಣು, ಎರಡು ಮೇಕೆ. ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು. "ಆಗಿದ್ದೆಲ್ಲ ಒಳ್ಳೇದಕ್ಕೇ. ಉಣ್ಣಿ, ಉಂಡು ಜೋಡ್ಸಾನ."

ಪುಸ್ತಕ ಯಾವ ಭಾಷೆಯದೋ, ಅಕ್ಷರಗಳು ಇರುವೆ ಸಾಲಿನ ಹಾಗಿದ್ದವು. ಆದರೆ ಚಿತ್ರಗಳಿದ್ದವು. ನಾನು ಟೈಲರಿಂಗ್ ಮಾಡುವವಳು. ಕತ್ತರಿಸಿದ ರವಿಕೆಯ ತುಂಡುಗಳನ್ನು ಹರಡಿಕೊಂಡು ಯಾವುದು ತೋಳು ಯಾವುದು ಬೆನ್ನು ಎಂದು ನೋಡುವ ಹಾಗೆ, ಹಳೇ ಸೀರೆಗಳನ್ನು ಹಾಸಿ ಅದರ ಮೇಲೆ ಸಾಮಾನುಗಳನ್ನೆಲ್ಲ ಹರಡಿದೆ. ಜಬೀವುಲ್ಲಾ ಪುಸ್ತಕ ಹಿಡಿದು ಚಿತ್ರ ನೋಡಿ ಹೇಳುವುದು, ನಾನು ಹುಡುಕಿ ಕೊಡುವುದು, ಇಬ್ಬರೂ ಸೇರಿ ತಿರುಗಿಸುವುದು. ಅತ್ತೆ ಮಂಡಿಗೆ ಬಿಸಿನೀರ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಯ ಮೇಲೆ ಕೂತು, ಯಾವ ನಟ್ಟು ಬಿಗಿದಾಯಿತು ಯಾವುದು ಇಲ್ಲ ಎಂದು ನೆನಪಿಡುತ್ತಿದ್ದಳು. ಬಿಗಿಯದ್ದಕ್ಕೆಲ್ಲ ಒಂದೊಂದು ಅರಿಶಿನದ ಬೊಟ್ಟು ಇಡುತ್ತಿದ್ದಳು.

ಸುಲಭಕ್ಕೇನೂ ಆಗಲಿಲ್ಲ. ಆ ದೇಶದ ನಟ್ಟುಗಳ ಅಳತೆಯೇ ಬೇರೆ. ನಮ್ಮ ಸೈಕಲ್ ಅಂಗಡಿಯಿಂದ ತಂದ ಪಾನಾಗಳಲ್ಲಿ ಒಂದು ದೊಡ್ಡದಾಗುತ್ತಿತ್ತು, ಅದರ ಕೆಳಗಿನದು ಹಿಡಿಯುತ್ತಲೇ ಇರಲಿಲ್ಲ. ಕೊನೆಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ನಡುವೆ ಸೇರಿಸಿ ತಿರುಗಿಸಿದೆವು. ಕೈ ಜಾರಿ ಜಬೀವುಲ್ಲಾ ಅವರ ಹೆಬ್ಬೆರಳು ಸುಲಿಯಿತು. ಒಂದು ಕಡೆಯ ಚಕ್ರದ ಷಾಕ್ ಅಬ್ಸಾರ್ಬರನ್ನು ತಲೆಕೆಳಗಾಗಿ ಕೂರಿಸಿ, ಅರ್ಧ ದಿನದ ಮೇಲೆ ಗೊತ್ತಾಗಿ, ಎಲ್ಲ ಬಿಚ್ಚಿ ಮತ್ತೆ ಕೂರಿಸಿದೆವು. ಊರಿನವರು ಅಂಗಡಿ ಮುಗಿಸಿಕೊಂಡು ಬಂದು ಹಿತ್ತಲ ಗೋಡೆಯ ಮೇಲೆ ಸಾಲಾಗಿ ಕೂರುತ್ತಿದ್ದರು. "ಅದಲ್ಲ, ಆ ಕಡೇದು" ಎಂದು ಅವರು ಹೇಳುವುದು, ಅದು ಎಂದೂ ಸರಿಯಿರುತ್ತಿರಲಿಲ್ಲ. ಬಳೆಯವನು ಒಮ್ಮೆ, "ರಸ್ತೆಗೆ ಅವಮಾನ ಮಾಡ್ದಂಗೆ ಇದು. ಮುನಿಸಿಕೊಂಡು ಊರ ಕಡೆಗೇ ಬರದಿದ್ರೆ?" ಅಂದ. ಅತ್ತೆ ತಿರುಗಿ ನೋಡಿ, "ಅದು ಬಂದು ನಿನಗೇನು ಮುತ್ತು ಕೊಟ್ಟೈತಪ್ಪ? ದಿನಾ ಬೆಳಗ್ಗೆ ನಾಯಿ ಹಂಗೆ ಓಡಿಸ್ತೈತೆ," ಅಂದಳು. ಗೋಡೆಯ ಮೇಲಿದ್ದವರೆಲ್ಲ ನಕ್ಕರು. ಬಳೆಯವನು ಮರುದಿನ ಬರಲಿಲ್ಲ, ಅದರ ಮರುದಿನ ಬಂದ.

ಪಾಲಾಕ್ಷ ಮಾತ್ರ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. ಮುಂಬಾಗಿಲಿಂದ ಬಂದು ಮುಂಬಾಗಿಲಿಂದಲೇ ಹೋಗುತ್ತಿದ್ದ. ಸ್ನಾನಕ್ಕೂ ಕೆರೆಗೆ ಹೋಗುತ್ತಿದ್ದ. ಎಂಜಿನ್ನು ಕೂರಿಸುವ ದಿನ ಬಂತು. ಅದನ್ನು ಕೈಯಲ್ಲಿ ಎತ್ತುವ ಹಾಗಿಲ್ಲ. ಹುಣಸೆ ಕೊಂಬೆಗೆ ಬಾವಿಯ ರಾಟೆ ಕಟ್ಟಿ, ಹಗ್ಗ ಹಾಕಿ, ಜಬೀವುಲ್ಲಾ ಮತ್ತು ನಾನು ಜಗ್ಗಿದೆವು. ಎಂಜಿನ್ನು ಮೊಣಕಾಲೆತ್ತರ ಎದ್ದು ಅಲ್ಲೇ ತೂಗಾಡತೊಡಗಿತು, ಮೇಲಕ್ಕೂ ಹೋಗದು, ಕೆಳಗೆ ಬಿಟ್ಟರೆ ಕೊಳವೆಗಳ ಮೇಲೇ ಬೀಳುತ್ತದೆ. ಜಬೀವುಲ್ಲಾ ಅವರ ಸುಲಿದ ಹೆಬ್ಬೆರಳಲ್ಲಿ ರಕ್ತ ಬರುತ್ತಿತ್ತು. ಅತ್ತೆ ಪೆಟ್ಟಿಗೆಯಿಂದ ಎದ್ದೇ ಬಿಟ್ಟಳು, ಆದರೆ ಅವಳಿಂದ ಏನಾಗಬೇಕು? ಅಷ್ಟರಲ್ಲಿ ನನ್ನ ಕೈಯ ಹಿಂದಿನಿಂದ ಇನ್ನೆರಡು ಕೈ ಬಂದು ಹಗ್ಗ ಹಿಡಿದವು. ನೋಡಿದರೆ ಪಾಲಾಕ್ಷ. ಯಾರ ಮುಖವನ್ನೂ ನೋಡದೆ ಮೂರು ಜಗ್ಗಿಗೆ ಎಂಜಿನ್ನನ್ನು ಎತ್ತಿದ. ಜಬೀವುಲ್ಲಾ ಅದನ್ನು ಸರಿಸಿ ಸರಿಸಿ ಜಾಗಕ್ಕೆ ಕೂರಿಸುವ ತನಕ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಮರದ ಹಾಗೆ ನಿಂತಿದ್ದ. ಬೋಲ್ಟು ಬಿದ್ದ ಮೇಲೆ ಹಗ್ಗ ಬಿಟ್ಟು, ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದ. ಅತ್ತೆ ಅವನು ಹೋದ ಬಾಗಿಲನ್ನೇ ಬಹಳ ಹೊತ್ತು ನೋಡಿದಳು.

ಆ ದೇಶದವರ ಸೀಟು ನಮ್ಮ ಅತ್ತೆಗೆ ಇಕ್ಕಟ್ಟು. ನಾನು ಅದರ ಹೊದಿಕೆ ಬಿಚ್ಚಿ, ಹತ್ತಿ ತುಂಬಿ, ದಪ್ಪ ಖಾದಿಯಲ್ಲಿ ಬೇರೆ ಹೊಲಿದೆ. ಓಡಿಸುವುದು ನಾನೇ ಎಂದು ಯಾರೂ ತೀರ್ಮಾನಿಸಲಿಲ್ಲ, ಹಾಗೇ ಆಯಿತು. ಜಬೀವುಲ್ಲಾ ಪೆಡಲುಗಳನ್ನು ತೋರಿಸಿದಾಗ ಹೊಲಿಗೆ ಮಿಷನ್ನು ತುಳಿದ ಕಾಲಿಗೆ ಅದು ತೀರಾ ಅಪರಿಚಿತ ಅನ್ನಿಸಲಿಲ್ಲ. ಮೊದಲ ಸಲ ಸ್ಟಾರ್ಟು ಮಾಡಿದಾಗ ಗೋಡೆಯ ಮೇಲಿದ್ದವರೆಲ್ಲ ಆ ಕಡೆಗೆ ಧುಮುಕಿದರು. ನಾನು ಬಾವಿ ತಪ್ಪಿಸಲು ಬಲಕ್ಕೆ ತಿರುಗಿಸಿದೆ. ಬಗ್ಗಿ ಎಡಕ್ಕೆ ಹೋಯಿತು. ಇನ್ನೂ ಬಲಕ್ಕೆ ತಿರುಗಿಸಿದೆ, ಇನ್ನೂ ಎಡಕ್ಕೆ ಹೋಗಿ ಸೌದೆ ರಾಶಿಗೆ ಮುಖ ಹೊಕ್ಕಿಸಿ ನಿಂತಿತು. ಕೋಳಿಗಳು ಹುಣಸೆಮರ ಹತ್ತಿದವು.

"ಬಲಕ್ಕೆ ಅಂದ್ರೆ ಎಡಕ್ಕೆ ಹೋಗ್ತೈತೆ," ಅಂದಳು ಅತ್ತೆ. "ನಮ್ಮನೆ ಗಂಡಸ್ರು ಜೋಡ್ಸಿದ್ದಾ ಇದು?"

ಸ್ಟೇರಿಂಗಿನ ಹಲ್ಲುಪಟ್ಟಿಯನ್ನು ನಾವು ಮಗುಚಿ ಹಾಕಿದ್ದೆವು. ಬಿಚ್ಚಿ ಸರಿಮಾಡಿದೆವು. ಅದು ಮುಗಿದ ಮಾರನೆಯ ದಿನವೇ ರಸ್ತೆ ಕೆರೆಯ ಹತ್ತಿರ ಬಂದು ಜಬೀವುಲ್ಲಾ ಅವರ ಊರಿನ ಕಡೆಗೆ ತಿರುಗಿತು. ಅವರು ಒಂದು ಲಾರಿಯ ಹಿಂಬದಿಗೆ ಹತ್ತಿ, ಬ್ಯಾಂಡೇಜು ಕಟ್ಟಿದ ಹೆಬ್ಬೆರಳು ಎತ್ತಿ ಕೂಗಿದರು: "ಆಯಿಲ್ ನೋಡ್ತಾ ಇರಿ ತಾಯೀ!" ನಾನು ಕೆರೆಯಂಗಳದ ಒಣಗಿದ ಅಂಚಿನಲ್ಲಿ ಒಬ್ಬಳೇ ಓಡಿಸಿ ಓಡಿಸಿ ಕಲಿತೆ.

ಹೊರಟ ಬೆಳಿಗ್ಗೆ ಪಾಲಾಕ್ಷ ಎಂದಿನಂತೆ ರಸ್ತೆ ಹುಡುಕಲು ಹೋಗಿದ್ದ. ಅತ್ತೆಯನ್ನು ಎತ್ತಿ ಕೂರಿಸಿ ಬೆಲ್ಟು ಹಾಕಿದೆ. ತೊಡೆಯ ಮೇಲೆ ಒಂದು ಗಂಟು: ರಾಗಿಹುರಿಹಿಟ್ಟು, ಬೆಲ್ಲ, ತಂಗಿಗೆ ಒಂದು ಸೀರೆ. ಊರು ಮುಗಿಯುವ ಕಡೆ, ಕಡೆಯ ಹೊಲದ ಬದುವಿನ ಹತ್ತಿರ, ನನ್ನ ಕಾಲು ತಾನಾಗಿ ಬ್ರೇಕು ಒತ್ತಿತು. ಮುಂದೆ ಕಲ್ಲು, ಕಳ್ಳಿ, ಆಕಾಶ. ಹಿಂದೆ ಊರಿನ ಅರ್ಧ ಜನ ನಿಂತಿದ್ದರು.

"ಹೆದರಿಕೆ ಆತೈತಾ?" ಅಂದಳು ಅತ್ತೆ.

"ಆತೈತೆ."

"ನಂಗೂ. ನಡಿ."

ಬದು ದಾಟಿದೆವು. ಏನೂ ಆಗಲಿಲ್ಲ. ಅದೇ ಬಿಸಿಲು, ಅದೇ ಮಣ್ಣು. ಬಗ್ಗಿ ಕಲ್ಲುಗಳ ಮೇಲೆ ಕುಪ್ಪಳಿಸಿಕೊಂಡು ಹೋಯಿತು. ನಾವು ತಿರುಗಿಸಿದ ಒಂದೊಂದು ನಟ್ಟೂ ಎಲ್ಲಿ ಕಳಚಿ ಬೀಳುತ್ತದೋ ಎಂದು ನನ್ನ ಜೀವ ಕೈಯಲ್ಲಿತ್ತು. ಹಳ್ಳದ ಮರಳಲ್ಲಿ ಹಿಂದಿನ ಚಕ್ರ ಹೂತಾಗ ಗಂಟಿನಲ್ಲಿದ್ದ ಸೀರೆಯನ್ನೇ ಅದರಡಿ ಹಾಸು ಎಂದು ಅತ್ತೆ ಕೊಟ್ಟಳು. ಚಕ್ರ ಅದನ್ನು ಕಚ್ಚಿ ಮೇಲೆ ಬಂತು. ಗುಡ್ಡದ ಹೆಗಲಿನಿಂದ ಇಳಿಯುವಾಗ ಅವಳು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹೆದರಿಕೆಯೋ ಖುಷಿಯೋ ಗೊತ್ತಾಗದ ಹಾಗೆ ಕೂಗುತ್ತಿದ್ದಳು. ಹೊತ್ತು ನೆತ್ತಿಗೆ ಬರುವ ಮೊದಲೇ ಕಣಿವೆಹಟ್ಟಿಯ ಬೇವಿನಮರ ಕಂಡಿತು. ಇಷ್ಟೇ ದೂರವಾ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಅತ್ತೆ ಬಾಯಿಬಿಟ್ಟೇ ಅಂದಳು, "ಇಷ್ಟೇಯಾ?"

ಸದ್ದಿಗೆ ಹಟ್ಟಿಯವರೆಲ್ಲ ಹೊರಗೆ ಬಂದರು. ಕಡೆಯ ಮನೆಯಿಂದ ಒಬ್ಬಳು ಸಣಕಲು ಮುದುಕಿ ಕಡಲೆಕಾಯಿ ಸಿಪ್ಪೆ ಮಡಿಲಿಂದ ಕೊಡವಿಕೊಳ್ಳುತ್ತಾ ಬಂದು, ಬಗ್ಗಿಯೊಳಗೆ ಬೆಲ್ಟಿಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ ಅತ್ತೆಯನ್ನು ಬಾಗಿ ನೋಡಿದಳು.

"ಓಬಕ್ಕಾ?"

ಅತ್ತೆ ಅವಳನ್ನೇ ನೋಡಿದಳು. "ನೀನು ಕೆಂಚಿ ಅಲ್ಲ. ಕೆಂಚಿಗೆ ನತ್ತಿತ್ತು."

"ನಾನು ಯಾವತ್ತು ನತ್ತು ಹಾಕಿದ್ನೇ? ನತ್ತು ಹಾಕ್ತಿದ್ದಿದ್ದು ಅವ್ವ."

ಅತ್ತೆ ಅವಳ ಮೂಗನ್ನೇ ನೋಡಿದಳು. "ಹೌದಲ್ಲ," ಅಂದಳು. "ಇಷ್ಟು ದಿನ ನಾನು ಅವ್ವನ ಮುಖ ನೆನೆಸ್ಕೊಂಡು ನಿನ್ನ ಜೊತೆ ಮಾತಾಡ್ತಿದ್ದೆ." ಕೆಂಚಮ್ಮ ಒರಟಾಗಿ ಬೆಲ್ಟು ಎಳೆಯತೊಡಗಿದಳು. ಅದು ಬಿಚ್ಚುವ ಗುಂಡಿ ಅವಳಿಗೂ ಗೊತ್ತಿಲ್ಲ. ನಾನು ಒತ್ತಿದೆ.

ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಮುಗಿಯುವ ತನಕ ತಡೆದಿದ್ದಳೆಂದು ಕಾಣುತ್ತದೆ. "ನನ್ನ ಗಂಡ ಸತ್ತಾಗ ಬರ್ಲಿಲ್ಲ ನೀನು."

"ರಸ್ತೆ ತಿರುಗಿತ್ತಲ್ಲೇ."

"ಅವತ್ತು ತಿರುಗಿತ್ತು, ಸರಿ. ಆಮೇಲೆ ಬಂದಿತ್ತಲ್ಲ? ಎರಡು ಸಲ ಬಂತು. ಒಂದ್ಸಲ ಸುಗ್ಗಿ ಪೂರಾ ನಮ್ಮ ಬೇವಿನಮರದ ಬುಡದಲ್ಲೇ ಬಿದ್ದಿತ್ತು. ಸಾವಿನ ಮನೆಯವಳು ನಾನು, ನಾನೇ ಎದ್ದು ಬರೋಕಾತದಾ? ಬಂದು ಮಾತಾಡಿಸ್ಬೇಕಾದವಳು ನೀನು. ನಿನ್ನ ಮಗ ಬಂದು ಮರದ ತಾವ ನಿಂತು ನೋಡಿ ಹೋದ. ಕೂಗಿದೆ, ತಿರುಗ್ಲಿಲ್ಲ. ಅಕ್ಕನೇ ಬ್ಯಾಡ ಅಂದಿರಬೇಕು ಅಂದ್ಕಂಡೆ."

ಆ ಸುಗ್ಗಿ ನನಗೆ ನೆನಪಿದೆ. ಪಾಲಾಕ್ಷ ದಿನಾ ಚಾವಡಿಯ ಮುಂದೆ ನಿಂತು, "ರಸ್ತೆ ಎಲ್ಲಿಗೂ ಹೋಗಿಲ್ಲ, ಗುಡ್ಡದ ಬುಡದಲ್ಲೇ ನಿಂತೈತೆ" ಎಂದು ಕೂಗುತ್ತಿದ್ದ. ಊರು ನಂಬಿತ್ತು. ರಸ್ತೆ ಎಲ್ಲಿಗೆ ಹೋಗುತ್ತದೆಂದು ನೋಡುವವನು ಅವನೊಬ್ಬನೇ. ನಂಬದೆ ಏನು ಮಾಡುವುದು? ನಾನು ಅತ್ತೆಯ ಕಡೆ ನೋಡಿದೆ. ಅವಳು ಖಾಲಿ ಲೋಟವನ್ನು ನೆಲದ ಮೇಲೆ ತಿರುಗಿಸುತ್ತಿದ್ದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಬೈಯುತ್ತಾಳೆ ಅಂದುಕೊಂಡೆ, ಬೈಯಲೂ ಇಲ್ಲ.

"ವಿಶಾಲೂ, ಹೋಗಿ ಅವನ್ನ ಕರ್ಕಂಡು ಬಾ," ಅಂದಳು. "ದಾರೀಲಿ ಏನೂ ಕೇಳ್ಬ್ಯಾಡ."

ವಾಪಸ್ಸು ಒಬ್ಬಳೇ ಬಂದೆ. ಹೋಗುವಾಗಿನ ಚಕ್ರದ ಗುರುತು ಇತ್ತು, ಅದನ್ನೇ ಹಿಡಿದು ಬಂದೆ. ಪಾಲಾಕ್ಷ ಕಡೆಯ ಹೊಲದ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ. ಅವತ್ತು ಅವನು ಊರಿಗೆ ರಸ್ತೆ ಕೂಗಿರಲಿಲ್ಲವಂತೆ; ಅಂಗಡಿಯವರೆಲ್ಲ ಅಂಗಡಿಗಳನ್ನು ಮನೆ ಮುಂದೆಯೇ ನಿಲ್ಲಿಸಿಕೊಂಡು ಕೂತಿದ್ದರು. ಬಗ್ಗಿಯಲ್ಲಿ ಪಕ್ಕದ ಸೀಟು ಖಾಲಿ ಇದ್ದದ್ದು ಕಂಡು ಅವನು ಎದ್ದು ನಿಂತ. ಮುಖ ಬಿಳಿಚಿತು.

"ಅವ್ವ?"

"ಚೆನ್ನಾಗೈತೆ. ನಿನ್ನ ಕರೀತೈತೆ. ಹತ್ತು."

ಅವನು ಬದುವಿನ ಆಚೆಯ ನೆಲವನ್ನು ನೋಡಿದ. ಇಷ್ಟು ವರ್ಷ ರಸ್ತೆಯ ಮೇಲೆ ಬಿಟ್ಟು ಬೇರೆಲ್ಲೂ ಪರವೂರ ಕಡೆಗೆ ಕಾಲಿಡದವನು. ಕೆಂಚಮ್ಮ ಹೇಳಿದ್ದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅತ್ತೆ ಕೇಳಬೇಡ ಅಂದಿದ್ದಳಲ್ಲ, ಹಲ್ಲು ಕಚ್ಚಿ ಸುಮ್ಮನೆ ಕೂತೆ. ಅವನು ಹತ್ತಿದ. ಅರ್ಧ ದಾರಿಯಲ್ಲಿ, ಹಳ್ಳದ ಮರಳಲ್ಲಿ ಬಗ್ಗಿ ನಿಧಾನವಾದಾಗ, ತಾನೇ ಮಾತು ತೆಗೆದ. "ಚಿಕ್ಕವ್ವ ಹೇಳಿರಬೇಕು."

ನಾನು ಮುಂದಿನ ಮರಳನ್ನೇ ನೋಡುತ್ತಾ ಓಡಿಸಿದೆ.

"ರಸ್ತೆ ಅಪ್ಪನ್ನ ಕರ್ಕಂಡು ಹೋತು, ವಿಶಾಲು. ಅವ್ವನ್ನೂ ಕರ್ಕಂಡು ಹೋದ್ರೆ ಅಂತ ಹೆದ್ರಿಕೆ ಆತು. ಅವ್ವ ಆ ಕಡೆ ಹೋದಾಗ ಅದು ತಿರುಗ್ಕಂಡ್ರೆ? ಮೊದಲನೇ ದಿನ ಸುಳ್ಳು ಹೇಳ್ದೆ. ಮಾರನೇ ದಿನ ನಿಜ ಹೇಳಿದ್ರೆ ನಿನ್ನೇದು ಸುಳ್ಳು ಅಂತ ಗೊತ್ತಾಗ್ತಿತ್ತು. ಹಂಗೇ ಹೋತು." ಅವನು ಕೊಳವೆಯನ್ನು ಹಿಡಿದಿದ್ದ ಕೈ ಬಿಡಲಿಲ್ಲ. "ಎಂಜಿನ್ ಎತ್ತಿದ ದಿನ ಹೇಳಾನ ಅಂತಿದ್ದೆ."

ನನಗೆ ಸಿಟ್ಟು ಬಂದಿತ್ತು, ಈಗಲೂ ಸ್ವಲ್ಪ ಇದೆ. ಅಷ್ಟು ವರ್ಷ ಅತ್ತೆ ಅವನ ಮುಖ ನೋಡುತ್ತಿದ್ದದ್ದು, ಅವನು ತಲೆ ಅಲ್ಲಾಡಿಸುತ್ತಿದ್ದದ್ದು ಕಣ್ಣ ಮುಂದೆ ಬರುತ್ತಿತ್ತು. ಆದರೆ ಪಕ್ಕದಲ್ಲಿ ಕೂತವನು ನಲವತ್ತು ದಾಟಿದ ಗಂಡಸಿನ ಹಾಗೆ ಕಾಣಲಿಲ್ಲ. ಗೇರು ಬದಲಾಯಿಸಿದೆ.

ಹಟ್ಟಿಯಲ್ಲಿ ಅಕ್ಕತಂಗಿ ಇಬ್ಬರೂ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು; ಯಾವುದೋ ಹಳೇ ಎಮ್ಮೆಯ ವಿಷಯಕ್ಕೆ ಜೋರಾಗಿ ಜಗಳವೂ ನಡೆದಿತ್ತು. ಪಾಲಾಕ್ಷ ಬಗ್ಗಿಯಿಂದ ಇಳಿದು, ಒಮ್ಮೆ ಅದರ ಚಕ್ರ ಹಿಡಿದು ನಿಂತು, ಆಮೇಲೆ ಬಂದು ಅಮ್ಮನ ಮುಂದೆ ನಿಂತ. ಕೈ ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಕೆಂಚಮ್ಮ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಅವಳ ಮೊಣಕೈ ಹಿಡಿದಳು. ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ ಸೀರೆ ತಂದ್ಯಾ?"

"ಸೀರೆನಾ?"

"ಇರಾಕೆ ಬಂದಿದೀನಲ್ಲಪ್ಪ. ಉಟ್ಟ ಸೀರೇಲಿ ಎಷ್ಟು ದಿನ ಇರ್ಲಿ? ಇವಳಿಗೆ ತಂದಿದ್ದು ಚಕ್ರದ ಕೆಳಗೆ ಹೋತು. ನನ್ ಟ್ರಂಕು ತಗಂಡ್ ಬಾ. ಕಂಬಳೀನೂ. ಇಲ್ಲಿ ಚಳಿ."

ಅವನು ಚಪ್ಪಲಿಯಲ್ಲಿ ನೆಲ ಕೆರೆದ. ಕೊನೆಗೆ, "ಎಷ್ಟು ದಿನ ಇರ್ತೀಯವ್ವಾ?" ಅಂದ.

"ಇವಳು ಎಮ್ಮೆ ವಿಷಯ ಒಪ್ಪೋ ತಂಕ."

ಪಾಲಾಕ್ಷ ನನ್ನ ಕಡೆಗೆ ತಿರುಗಿ, ಹೋಗೋಣ ಎನ್ನುವ ಹಾಗೆ ಬಗ್ಗಿಯ ಹತ್ತಿರಕ್ಕೆ ನಡೆದ. ಅತ್ತೆ ಅಲ್ಲಿಂದಲೇ ತಡೆದಳು. "ಬಗ್ಗಿ ಇಲ್ಲೇ ಇರ್ಲಿ. ಸಂಜೆ ಕೆಂಚೀನ ಕೂರಿಸ್ಕಂಡು ಹಳ್ಳದ ತಂಕ ಹೋಗಿಬರ್ತೀವಿ. ನಿಂಗೆ ಕಾಲೈತಲ್ಲ?"

ಅವನು ನಿಂತ. ಬೇವಿನಮರದಾಚೆ ನಮ್ಮ ಚಕ್ರದ ಗುರುತು ಬಿಟ್ಟರೆ ಕಲ್ಲುಗುಡ್ಡದ ತನಕ ಏನೂ ಇರಲಿಲ್ಲ. ನನಗೆ ಪಾಪ ಅನ್ನಿಸಿ ಜೊತೆಗೆ ಹೋಗಲು ಎದ್ದೆ, ಅತ್ತೆ ಕಣ್ಣಲ್ಲೇ ಕೂರಿಸಿದಳು. ಅವನು ಖಾಕಿ ಅಂಗಿಯ ತೋಳು ಮಡಚಿದ. ಚಪ್ಪಲಿಯ ಪಟ್ಟಿ ಬಿಗಿದ. ಒಂದು ಹೆಜ್ಜೆ ಇಟ್ಟು, ನೆಲ ತಡೆಯುತ್ತದೋ ಇಲ್ಲವೋ ಎಂದು ನೋಡುವವನ ಹಾಗೆ ನಿಂತು, ಇನ್ನೊಂದು ಹೆಜ್ಜೆ ಇಟ್ಟ. ಆಮೇಲೆ ಸುಮ್ಮನೆ ನಡೆಯತೊಡಗಿದ. ಮೂವರೂ ನೋಡುತ್ತಾ ಕೂತೆವು. ಕಲ್ಲುಗಳ ನಡುವೆ ಖಾಕಿ ಅಂಗಿ ಚಿಕ್ಕದಾಗುತ್ತಾ ಹೋಯಿತು.

"ಬರ್ತಾನೇನೇ?" ಅಂದಳು ಕೆಂಚಮ್ಮ.

"ಬರ್ತಾನೆ," ಅಂದಳು ಅತ್ತೆ, ಒಂದು ಕಡಲೆಕಾಯಿ ಒಡೆದು ಬಾಯಿಗೆ ಹಾಕಿಕೊಂಡು. "ರಸ್ತೆ ಮೇಲೆ ಹೋಗಿಲ್ವಲ್ಲ."